ನೀವು ಕಟ್ಟಿದ ಭಾಷೆಯಲ್ಲಿ ಅಡಗಿರುವ ಕನ್ನಡವನ್ನು ಹಿಡಿಯುವುದು ಹೇಗೆ?

ನಾನು ಕಟ್ಟಿದ ಮೊದಲ ಭಾಷೆಯಲ್ಲಿ 300 ಪದಗಳಿದ್ದವು. ಒಂದೂ ಕನ್ನಡದ್ದಲ್ಲ. ಜಂಬದಿಂದ ತಂಗಿಗೆ ತೋರಿಸಿದೆ. ‘ಮಿಪೆ ತೂರ’ ಅಂದರೆ ನನಗೆ ಹಸಿವು, ‘ಮಿಪೆ ಸೊನೆ’ ಅಂದರೆ ನನಗೆ ಗೊತ್ತು, ‘ಮಿಪೆ ಲಾಕಿ’ ಅಂದರೆ ನನಗೆ ನೆಗಡಿ. “ಪೆ ಅಂದ್ರೆ ಗೆ, ಅಲ್ವಾ?” ಅಂದಳು. ಮುಗೀತು ಕಥೆ.

ಪದ ಬದಲಿಸುವುದು ಸುಲಭ, ನಮ್ಮ ಕಣ್ಣು ಅಲ್ಲೇ ಇರುತ್ತದೆ. ತಾಯ್ನುಡಿ ನುಸುಳುವುದು ಹಿತ್ತಲ ಬಾಗಿಲಿಂದ. 1880ರ ಹೊತ್ತಿಗೆ ವೊಲಾಪ್ಯುಕ್ ಎಂಬ ವಿಶ್ವಭಾಷೆ ಕಟ್ಟಿದ ಜರ್ಮನ್ ಪಾದ್ರಿ ಶ್ಲೈಯರ್, ಚೀನಿಯರ ನಾಲಿಗೆಗೆ ಕಷ್ಟ ಅಂತ ‘ರ’ಕಾರವನ್ನು ಆದಷ್ಟು ದೂರ ಇಟ್ಟ. ಆದರೆ ಜರ್ಮನ್ನಿನ ಹಾಗೆ ನಾಲ್ಕು ವಿಭಕ್ತಿ, ನೆತ್ತಿ ಮೇಲೆ ಎರಡು ಚುಕ್ಕಿಯ ಸ್ವರಗಳು ಇವನ ಭಾಷೆಯಲ್ಲೂ ಬಂದು ಕೂತವು!

ಹಾಗಾಗಿ ಪದಪಟ್ಟಿ ಪಕ್ಕಕ್ಕಿಡಿ. ಈ ನಾಲ್ಕು ವಾಕ್ಯಗಳನ್ನು ನಿಮ್ಮ ಭಾಷೆಗೆ ತನ್ನಿ: ‘ನನಗೆ ಹಸಿವಾಗಿದೆ.’ ‘ಬರ್ತೀನಿ ಅಂತ ಹೇಳಿದ.’ ‘ನಿನ್ನೆ ತಂದ ಮಾವಿನಹಣ್ಣು ಹುಳಿ.’ ‘ಇದು ಹಾಲಲ್ಲ, ಮನೇಲಿ ಹಾಲಿಲ್ಲ.’ ಒಂದೊಂದು ಪದದ ಕೆಳಗೂ ಕನ್ನಡದ ಅರ್ಥ ಬರೆಯಿರಿ, ಪ್ರತ್ಯಯವನ್ನೂ ಬಿಡಬೇಡಿ. ಕೆಳಗಿನ ಸಾಲು ಸರಾಗವಾದ ಕನ್ನಡವಾಗಿ ಓದಿಸಿಕೊಂಡರೆ ಸಿಕ್ಕಿಬಿದ್ದಿರಿ. ‘ಅಂತ’ಕ್ಕೆ ಒಂದು ಪದ, ‘ಅಲ್ಲ’ ‘ಇಲ್ಲ’ಕ್ಕೆ ಬೇರೆ ಬೇರೆ ಪದ, ‘ನಿನ್ನೆ ತಂದ’ ಎಂಬುದೆಲ್ಲ ಹಣ್ಣಿಗಿಂತ ಮೊದಲೇ. ನನ್ನದರಲ್ಲಿ ಎಲ್ಲವೂ ಇತ್ತು. ಪದಗಳ ಕೊನೆಯನ್ನೂ ನೋಡಿ. ಬಸ್ಸನ್ನು ಬಸ್ಸು, ಕಾರನ್ನು ಕಾರು ಮಾಡುವ ನಾಲಿಗೆ ನಮ್ಮದು. ನನ್ನ 300 ಪದಗಳೂ ಸ್ವರದಲ್ಲೇ ಮುಗಿದಿದ್ದವು.

ಸಿಕ್ಕಿದ್ದನ್ನೆಲ್ಲ ಕಿತ್ತುಹಾಕಬೇಕಿಲ್ಲ. ಒಂದು ಜಾಗ ಆರಿಸಿ, ದೂರದ ಭಾಷೆ ಅದೇ ಮಾತನ್ನು ಹೇಗೆ ಹೇಳುತ್ತದೆ ನೋಡಿ. ಐರಿಷ್‌ನಲ್ಲಿ ಹಸಿವು ‘ನನ್ನ ಮೇಲೆ’ ಇರುತ್ತದೆ. ಸ್ವಾಹಿಲಿಯಲ್ಲಿ ನಾನು ‘ಹಸಿವಿನ ಜೊತೆ’ ಇರುತ್ತೇನೆ. ಸುಮ್ನೆ ನಕಲು ಮಾಡಬೇಡಿ. ಹೀಗೂ ಹೇಳಬಹುದು ಅಂತ ತಿಳಿದರೆ ಮೂರನೆಯ ದಾರಿ ಹೊಳೆಯುತ್ತದೆ. ನನ್ನ ಭಾಷೆಯಲ್ಲಿ ಈಗ ಹಸಿವೇ ಕರ್ತೃ: ‘ತೂರ ಮಿನ್ ಕಡ್’, ಹಸಿವು ನನ್ನನ್ನು ಹಿಡಿದಿದೆ.

‘ತಿಂಡಿ ಗಿಂಡಿ’ಯ ‘ಗಿ’ ಮಾತ್ರ ಬಿಡಲು ಮನಸ್ಸಾಗಲಿಲ್ಲ. ಟರ್ಕಿಯವರೂ ‘ಕಿತಾಪ್ ಮಿತಾಪ್’ ಅಂತಾರೆ, ಅದೇನು ನಮ್ಮೊಬ್ಬರ ಸ್ವತ್ತಲ್ಲ. ‘ಗಿ’ ಬದಲು ‘ಝೊ’ ಇಟ್ಟೆ. ತೂರ ಝೊರ. ತಂಗಿ ಇನ್ನೂ ಹಿಡಿದಿಲ್ಲ.