ಪೆನ್ಸಿಲ್ ಇಲ್ಲದೆ ನಿಸರ್ಗಚಿತ್ರ: ಹಿರಿಯರ ತರಗತಿಯ ನನ್ನ ಅನುಭವ

ಅರವತ್ತು ದಾಟಿದವರಿಗೆ ನಿಸರ್ಗಚಿತ್ರ ಕಲಿಸುವಾಗ ಮೊದಲ ತಿಂಗಳು ಪೆನ್ಸಿಲನ್ನೂ ಕೊಡಬಾರದು, ಬಣ್ಣವನ್ನೂ ಕೊಡಬಾರದು ಎಂದು ನಾನು ಹೇಳಿದಾಗ ಮೈಸೂರಿನ ಕಲಾವಿದ ಮಿತ್ರರಲ್ಲಿ ಒಬ್ಬರೂ ಒಪ್ಪಲಿಲ್ಲ. ಹಿರಿಯರು ಮೊದಲ ವಾರವೇ ಮನೆಗೆ ಒಯ್ದು ತೋರಿಸುವಂಥ ಚಿತ್ರವನ್ನು ಬಯಸುತ್ತಾರೆ, ತೆಂಗಿನಮರ, ಗುಡಿಸಲು, ಹೊಳೆ ಇರುವ ಒಂದು ಮಾದರಿಯನ್ನು ಚೌಕ ಹಾಕಿಸಿ ನಕಲು ಮಾಡಿಸಿದರೆ ಸಾಕು, ಇಲ್ಲದಿದ್ದರೆ ತಂಡವೇ ಉಳಿಯುವುದಿಲ್ಲ ಎಂಬುದು ಅವರ ವಾದವಾಗಿತ್ತು. ಈಚಿನ ತಂಡದ ಸುಮಾರು 15 ಜನರಲ್ಲಿ 12–13 ಮಂದಿ ಕೊನೆಯವರೆಗೂ ಬಂದರು. ಅವರಲ್ಲಿ ಅರ್ಧದಷ್ಟು ಜನ ಇಂದಿಗೂ ಕುಕ್ಕರಹಳ್ಳಿ ಕೆರೆಯ ದಡದಲ್ಲಿ ನನ್ನ ನೆರವಿಲ್ಲದೆ ಕುಳಿತು ಚಿತ್ರ ಬರೆಯುತ್ತಾರೆ. ಆ ಚಿತ್ರಗಳಲ್ಲಿ ಕೆಲವನ್ನು ಯಾವ ಪ್ರದರ್ಶನದಲ್ಲಿಟ್ಟರೂ ತಲೆ ತಗ್ಗಿಸಬೇಕಾಗಿಲ್ಲ.

ಇದಕ್ಕೆ ಮುಂಚೆ ಕೈಗೂಡದ ದಾರಿಗಳನ್ನೂ ಹೇಳಬೇಕು. ತೈಲವರ್ಣ ನಿಧಾನವಾಗಿ ಒಣಗುವುದರಿಂದ ಹಿರಿಯರಿಗೆ ಅನುಕೂಲ ಎಂಬ ಮಾತು ಸರಿಯೇ ಆದರೂ ಮುಚ್ಚಿದ ಕೋಣೆಯಲ್ಲಿ ಅದನ್ನು ತೆಳುಮಾಡುವ ಟರ್ಪಂಟೈನ್ ವಾಸನೆಗೆ ದಮ್ಮು ಇರುವವರು ಎರಡನೆಯ ವಾರವೇ ಬರುವುದನ್ನು ಬಿಟ್ಟರು. ಅಕ್ರಿಲಿಕ್ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಕುಂಚ ಎತ್ತುವಷ್ಟರಲ್ಲಿ ಒಣಗಿಬಿಡುತ್ತದೆ. ಚೌಕ ಹಾಕಿ ಮಾಡಿಸಿದ ನಕಲುಗಳು ಅಂದವಾಗಿಯೇ ಬಂದವು, ಆದರೆ ಅವರನ್ನು ಹೊರಗೆ ಕರೆದೊಯ್ದು ನಿಜವಾದ ಮರದ ಮುಂದೆ ಕೂರಿಸಿದಾಗ ಒಬ್ಬರಿಗೂ ಎಲ್ಲಿಂದ ಆರಂಭಿಸಬೇಕೆಂದು ತಿಳಿಯಲಿಲ್ಲ.

ಜಲವರ್ಣಕ್ಕೆ ಬಂದ ಮೇಲೆ ದೊಡ್ಡ ಅಡ್ಡಿಯಾದದ್ದು ಪೆನ್ಸಿಲ್. ಕೈ ಸ್ವಲ್ಪ ನಡುಗಿದರೂ ಅದು ಗೆರೆಯಲ್ಲಿ ಎದ್ದು ಕಾಣುತ್ತದೆ. ನಿವೃತ್ತ ಶಿಕ್ಷಕರು, ಬ್ಯಾಂಕಿನವರು, ಜೀವನವಿಡೀ ಅಚ್ಚುಕಟ್ಟಾಗಿ ಬರೆದವರು ಅದನ್ನು ಸಹಿಸದೆ ರಬ್ಬರಿನಿಂದ ಉಜ್ಜುತ್ತಾರೆ. ಉಜ್ಜಿದ ಜಾಗದಲ್ಲಿ ಕಾಗದದ ಮೇಲ್ಪದರ ಕಿತ್ತುಹೋಗಿ, ಅಲ್ಲಿ ಬಿದ್ದ ಬಣ್ಣ ಒಳಗೆ ಹೀರಿಕೊಂಡು ಕಲೆಯಾಗುತ್ತದೆ, ಆ ಕಲೆಯನ್ನು ಅವರು ತಮ್ಮ ವಯಸ್ಸಿನ ದೋಷವೆಂದು ಭಾವಿಸುತ್ತಾರೆ. "ಮೇಷ್ಟ್ರೇ, ಈ ಕೈಗೆ ಇನ್ನು ವಿದ್ಯೆ ಹತ್ತುವುದಿಲ್ಲ" ಎಂದು ಎದ್ದುಹೋದವರಲ್ಲಿ ಹೆಚ್ಚಿನವರನ್ನು ಕಳಿಸಿದ್ದು ಕೈಯಲ್ಲ, ರಬ್ಬರು.

ಆದ್ದರಿಂದ ಈಗ ಮೊದಲ ತಿಂಗಳು ಚಿಕೋರಿ ಬೆರೆಸಿದ ಗಟ್ಟಿ ಕಾಫಿ ಡಿಕಾಕ್ಷನ್, 12ನೇ ನಂಬರಿನ ಒಂದು ದುಂಡು ಕುಂಚ, ಒಂದು ಇಂಚಿನ ಒಂದು ಚಪ್ಪಟೆ ಕುಂಚ, ಇಷ್ಟೇ. ಸಣ್ಣ ಕುಂಚವನ್ನು ಚೀಲದಲ್ಲಿ ತರಲೂ ಬಿಡುವುದಿಲ್ಲ. ಬೆರಳಿನ ಸಂದು ನೋಯುವವರ ಕುಂಚದ ಹಿಡಿಗೆ ಹಳೆಯ ಹತ್ತಿಬಟ್ಟೆಯನ್ನು ಹೆಬ್ಬೆರಳಿಗಿಂತ ದಪ್ಪವಾಗುವಷ್ಟು ಸುತ್ತುತ್ತೇನೆ. ಡಿಕಾಕ್ಷನ್ನಿಗೆ ನೀರು ಬೆರೆಸಿ ತಿಳಿ, ನಡು, ಗಾಢ ಎಂಬ ಮೂರು ಛಾಯೆಗಳನ್ನು ಮಾಡಿಕೊಂಡು ಒದ್ದೆ ಕಾಗದದ ಮೇಲೆ ಹಾಕಿದಾಗ ಕೈನಡುಕ ಅಲ್ಲಿಯೇ ಕರಗಿಹೋಗುತ್ತದೆ. ಕಾಫಿಯ ಚಿತ್ರಗಳು ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತವೆ ಎಂದು ಮೊದಲೇ ತಿಳಿಸಿಬಿಡುವುದರಿಂದ ಯಾರೂ ಅವುಗಳನ್ನು ಜೋಪಾನ ಮಾಡುವ ಗೋಜಿಗೆ ಹೋಗದೆ ಧೈರ್ಯದಿಂದ ಬರೆಯುತ್ತಾರೆ.

ದೃಶ್ಯವೂ ಒಂದೇ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆಯ ಪಶ್ಚಿಮ ದಡದಲ್ಲಿ ಕುಳಿತರೆ ನೀರಿನಾಚೆ ಆಗ್ನೇಯಕ್ಕೆ ಚಾಮುಂಡಿಬೆಟ್ಟ ಕಾಣುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಆ ದಿಕ್ಕಿನಿಂದಲೇ ಏರುವುದರಿಂದ ಬೆಳಗಿನ ಹೊತ್ತು ಬೆಟ್ಟದ ಮೈಮೇಲೆ ಯಾವ ವಿವರವೂ ತೋರದೆ ಅದು ಒಂದೇ ಛಾಯೆಯ ಮುದ್ದೆಯಾಗಿ ನಿಲ್ಲುತ್ತದೆ. ಆಕಾಶ ತಿಳಿ, ಬೆಟ್ಟ ನಡು, ದಡದ ಮರ ಗಾಢ: ನಾನು ವಿವರಿಸಬೇಕಾದದ್ದನ್ನೆಲ್ಲ ಬೆಳಕೇ ವಿವರಿಸುತ್ತದೆ. ವಾರಕ್ಕೆ ಎರಡು ಬೆಳಗು, ಮೂರು ತಿಂಗಳು, ಅದೇ ಬೆಟ್ಟ. ಬೇಸರವಾಗುವುದಿಲ್ಲವೇ ಎಂದು ಕೇಳಿದವರಿದ್ದಾರೆ. ಎರಡನೆಯ ತಿಂಗಳಲ್ಲಿ ಹಿರಿಯರೇ "ಇವತ್ತು ಬೆಟ್ಟ ನಿನ್ನೆಯಷ್ಟು ಗಾಢವಾಗಿಲ್ಲ" ಎಂದು ತಮ್ಮತಮ್ಮೊಳಗೆ ಚರ್ಚಿಸತೊಡಗುತ್ತಾರೆ, ನನಗೆ ಬೇಕಾದದ್ದು ಅದೇ.

ಕನ್ನಡಕದ ವಿಷಯವನ್ನು ನಮ್ಮವರು ಯಾರೂ ಗಮನಿಸಿದಂತಿಲ್ಲ. ಎರಡು ನೋಟದ ಕನ್ನಡಕದಲ್ಲಿ ಹತ್ತಿರದ ನೋಟ ಕೆಳಭಾಗದಲ್ಲಿರುತ್ತದೆ. ಈಸೆಲ್ಲನ್ನು, ಅಂದರೆ ಕಾಗದ ನಿಲ್ಲಿಸುವ ಚೌಕಟ್ಟನ್ನು, ಮುಖದ ಮಟ್ಟಕ್ಕೆ ನಿಲ್ಲಿಸಿದರೆ ಹಿರಿಯರು ತಲೆಯನ್ನು ಹಿಂದಕ್ಕೆ ಬಾಗಿಸಿಯೇ ಕಾಗದವನ್ನು ನೋಡಬೇಕಾಗುತ್ತದೆ, ಅರ್ಧ ಗಂಟೆಯಲ್ಲಿ ಕುತ್ತಿಗೆ ಹಿಡಿಯುತ್ತದೆ. ನಾನು ಈಸೆಲ್ ತೆಗೆದುಹಾಕಿ, ಬೆನ್ನಿಗೆ ಆಸರೆಯಿರುವ ಪ್ಲಾಸ್ಟಿಕ್ ಕುರ್ಚಿ ಕೊಟ್ಟು, ರಟ್ಟಿನ ಹಲಗೆಯನ್ನು ತೊಡೆಯ ಮೇಲೆ ತುಸು ಓರೆಯಾಗಿ ಇಡಿಸಿದೆ. ಕಣ್ಣು ಎತ್ತಿದರೆ ಬೆಟ್ಟ, ಇಳಿಸಿದರೆ ಕಾಗದ.

ಎರಡನೆಯ ತಿಂಗಳಿಗೆ ಬಣ್ಣ ಬರುತ್ತದೆ, ಅದೂ ಮೂರೇ: ಅಲ್ಟ್ರಾಮರೀನ್ ಬ್ಲೂ (ಗಾಢ ನೀಲಿ), ಬರ್ನ್ಟ್ ಸಿಯೆನ್ನಾ (ಕೆಂಗಂದು), ಯೆಲ್ಲೋ ಓಕರ್ (ಮಣ್ಣುಹಳದಿ). ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗಿ ನೀಲಿ ಬೆಳಕನ್ನು ತಡೆಯುವುದರಿಂದ ಗಾಢ ನೀಲಿಗೂ ಕಪ್ಪಿಗೂ ವ್ಯತ್ಯಾಸ ತಿಳಿಯುವುದು ಕಷ್ಟವಾಗುತ್ತದೆ. ಕಣ್ಣಿನ ಪೊರೆಯಿಂದ ಬಳಲುತ್ತಿದ್ದ ಫ್ರೆಂಚ್ ಚಿತ್ರಕಾರ ಮೋನೆ 1923ರಲ್ಲಿ ಶಸ್ತ್ರಚಿಕಿತ್ಸೆಗೆ ಒಪ್ಪುವ ಮುಂಚೆ ಬಣ್ಣದ ಟ್ಯೂಬುಗಳ ಚೀಟಿಯನ್ನೂ ಪ್ಯಾಲೆಟ್ಟಿನಲ್ಲಿ (ಬಣ್ಣ ಬೆರೆಸುವ ತಟ್ಟೆಯಲ್ಲಿ) ಅವುಗಳ ಕ್ರಮವನ್ನೂ ನಂಬಿ ಕೆಲಸ ಮಾಡುತ್ತಿದ್ದರು. ನಾನೂ ಪ್ಯಾಲೆಟ್ಟಿನ ಪ್ರತಿ ಗುಳಿಯ ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ ಹೆಸರು ಬರೆದು, ಯಾರ ಪ್ಯಾಲೆಟ್ಟಿನಲ್ಲಿಯೂ ಆ ಕ್ರಮ ಬದಲಾಗದಂತೆ ನೋಡಿಕೊಳ್ಳುತ್ತೇನೆ. ಬಿಸಿಲು ಏರಿದ ಮೇಲೂ ಕಾಗದ ಒದ್ದೆಯಾಗಿ ಉಳಿಯಲು ನಾನು ನೀರಿಗೆ ಏನು ಬೆರೆಸುತ್ತೇನೆ, ಎಷ್ಟು ಬೆರೆಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದು ನನ್ನ ತರಗತಿಯ ಸೊತ್ತು.

ಹಣದ ಲೆಕ್ಕ ಹೀಗಿದೆ. ಆರಂಭದ ವರ್ಷ ಸಭಾಂಗಣದ ಬಾಡಿಗೆಯೇ ತಿಂಗಳಿಗೆ 6000 ರೂಪಾಯಿಯ ಆಸುಪಾಸಿನಲ್ಲಿತ್ತು, ಶುಲ್ಕದಿಂದ ಅದೂ ಹುಟ್ಟುತ್ತಿರಲಿಲ್ಲ. ಕೆರೆಯ ದಡಕ್ಕೆ ಬಂದ ಮೇಲೆ ಆ ಹೊರೆ ಇಳಿಯಿತು. ಅಗ್ಗದ ಕಾಗದ ನೀರಿಗೆ ಉಬ್ಬಿ ನಾರು ಏಳುತ್ತದೆ, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹತ್ತಿಕಾಗದದ ದೊಡ್ಡ ಹಾಳೆಯನ್ನು ಕೊಟ್ಟರೆ ಪಿಂಚಣಿಯಲ್ಲಿ ಬದುಕುವವರಿಗೆ ಅದನ್ನು ಮುಟ್ಟಲೂ ಮನಸ್ಸು ಬರುವುದಿಲ್ಲ. 22×30 ಇಂಚಿನ ಹಾಳೆಯನ್ನು 16 ತುಂಡು ಮಾಡಿದರೆ ಒಂದೊಂದು ಐದೂವರೆ, ಏಳೂವರೆ ಇಂಚಿನದಾಗಿ, ತುಂಡೊಂದಕ್ಕೆ ಸುಮಾರು 20–25 ರೂಪಾಯಿ ಬೀಳುತ್ತದೆ. ಅಷ್ಟನ್ನು ಹಾಳುಮಾಡಲು ಯಾರೂ ಹಿಂಜರಿಯುವುದಿಲ್ಲ. ಈಗ ಒಬ್ಬರಿಂದ ತಿಂಗಳಿಗೆ 1200 ರೂಪಾಯಿ ಪಡೆಯುತ್ತೇನೆ, ಕಾಗದ ಅದರಲ್ಲಿಯೇ ಸೇರಿದೆ, ನನಗೂ ಒಂದಿಷ್ಟು ಉಳಿಯುತ್ತದೆ.

ನಡುವೆ ಒಂದು ಪ್ರಯೋಗ ಮಾಡಿದೆ: ಮಳೆಯಿಂದ ಹೊರಗೆ ಹೋಗಲಾಗದ ದಿನಗಳಲ್ಲಿ ಬಾಲ್ಯದ ಊರನ್ನು ನೆನಪಿನಿಂದ ಬರೆಯಲು ಹೇಳಿದೆ. ಸಾಗರದ ಕಡೆಯ ಒಬ್ಬ ಅಮ್ಮ ಅಡಿಕೆ ತೋಟದೊಳಗಿನ ನೆರಳನ್ನು ಕಾಫಿಯ ಮೂರೇ ಛಾಯೆಗಳಲ್ಲಿ ಹಿಡಿದರು. ಅಂಥದನ್ನು ನಾನು ಕಲಿಸಲಾರೆ. ಈ ವಯಸ್ಸಿನಲ್ಲಿ ಹೊರಗೆ ಕೂರುವುದೇ ಎಂದು ಸಂಕೋಚಪಡುವವರಿಗೆ ರುಮಾಲೆ ಚನ್ನಬಸವಯ್ಯನವರ ಮಾತೆತ್ತುತ್ತೇನೆ. 1910ರಲ್ಲಿ ಹುಟ್ಟಿದ ಅವರು ರಾಜಕಾರಣ, ಪತ್ರಿಕೆಗಳನ್ನು ಬಿಟ್ಟು ಪೂರ್ಣವಾಗಿ ಕುಂಚಕ್ಕೆ ಮರಳಿದ್ದು ಐವತ್ತು ದಾಟಿದ ಮೇಲೆ. ಬೆಂಗಳೂರಿನ ಹೂಬಿಟ್ಟ ಮರಗಳನ್ನು ಅವರು ಬರೆದದ್ದು ಆ ನಂತರದ ವರ್ಷಗಳಲ್ಲಿ.

ಇನ್ನೂ ಬಗೆಹರಿಯದಿರುವುದು ಹಸಿರು. ಅಲ್ಟ್ರಾಮರೀನಿಗೆ ಓಕರ್ ಬೆರೆಸಿದಾಗ ಬರುವ ಮಂಕು ಹಸಿರು ದೂರದ ತೋಪಿಗೆ ಒಪ್ಪುತ್ತದೆ, ಆದರೆ ಜೂನ್ ಮಳೆಯ ನಂತರ ಕಣ್ಣೆದುರೇ ನಿಂತ ಮಳೆಮರಕ್ಕೆ ಅದು ಏನೂ ಸಾಲದು. ನಾಲ್ಕನೆಯ ಬಣ್ಣವಾಗಿ ನಿಂಬೆ ಹಳದಿಯನ್ನು ಕೊಟ್ಟು ನೋಡಿದರೆ ಎಲ್ಲರೂ ಅದನ್ನೇ ಮೊದಲು ಮುಟ್ಟುತ್ತಾರೆ, ಛಾಯೆಯ ಲೆಕ್ಕ ತಪ್ಪುತ್ತದೆ. ಮುಂದಿನ ತಂಡಕ್ಕೆ ಅದನ್ನು ಮೂರನೆಯ ತಿಂಗಳ ಕೊನೆಯ ಎರಡು ವಾರಗಳಲ್ಲಿ ಮಾತ್ರ ಕೊಡಬೇಕೆಂದಿದ್ದೇನೆ.