ಫೂಟ್ ಆದ್ರೆ ಕೈ ಎತ್ತು: ವಿಸಿಲ್ ಇಲ್ಲದ ಹಾಕಿ ಕ್ಯಾಂಪಿನ ಅನುಭವ

ಕಳೆದ ಬೇಸಿಗೆ ಮುಗಿದ ಮೇಲೆ ಮೂರ್ನಾಲ್ಕು ಕ್ಯಾಂಪಿನವರು ಫೋನ್ ಮಾಡಿದ್ದರು. ಎಲ್ಲರದ್ದೂ ಒಂದೇ ಪ್ರಶ್ನೆ. "ನಿಮ್ಮ ಮಕ್ಕಳು ಅಂಪೈರ್ ಊದುವ ಮೊದಲೇ ಫೂಟ್ ಅಂತ ಕೈ ಎತ್ತುತ್ತಾರಲ್ಲ, ಅದನ್ನ ಹೇಗೆ ಕಲಿಸಿದ್ರಿ?" ಫೂಟ್ ಅಂದ್ರೆ ಹಾಕಿಯಲ್ಲಿ ಚೆಂಡು ಆಟಗಾರನ ಕಾಲಿಗೆ ತಾಗುವ ತಪ್ಪು. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ ಅದು. ಹಾಗಾಗಿ ಬರೆಯುತ್ತಿದ್ದೇನೆ. ಹೀಗೆ ಕೇಳಿದವರಲ್ಲಿ ಇಬ್ಬರು, "ಇದನ್ನೆಲ್ಲ ಕಲಿಸಿದರೆ ನಿಮ್ಮ ಟೀಮ್ ಮೊದಲ ರೌಂಡ್‌ನಲ್ಲೇ ಮನೆಗೆ" ಅಂತ ನನ್ನ ಮುಖಕ್ಕೇ ಹೇಳಿದ್ದವರು. ಅವರೂ ಕೇಳಿದ್ದು ನನಗೆ ನಿಜಕ್ಕೂ ಖುಷಿ ಕೊಟ್ಟಿತು.

ನಮ್ಮದು ಕೊಡಗಿನ ಮೂರ್ನಾಡು, ನಾಪೋಕ್ಲು ನಡುವಿನ ಒಂದು ಶಾಲಾ ಮೈದಾನ. ಟರ್ಫ್ ಇಲ್ಲ, ಮಣ್ಣು. ಬೇಸಿಗೆ ರಜೆಯಲ್ಲಿ ಬೆಳಿಗ್ಗೆ ಆರೂವರೆಗೆ ಶುರು ಮಾಡಿ ಎಂಟೂವರೆಗೆ ಬಿಡುತ್ತೇವೆ. ನಲವತ್ತು, ಐವತ್ತು ಮಕ್ಕಳು ಬರುತ್ತಾರೆ. ತೋಟದ ಮಾಲೀಕರ ಮಕ್ಕಳೂ ಲೈನ್ ಮನೆಯ ಕೂಲಿಕಾರರ ಮಕ್ಕಳೂ ಒಟ್ಟಿಗೆ ಆಡುತ್ತಾರೆ. ಕೊಡಗಿನಲ್ಲಿ ಹಾಕಿ ಕ್ಯಾಂಪ್ ಅಂದ್ರೆ ಏನು ಅಂತ ನಿಮಗೆ ಗೊತ್ತೇ ಇದೆ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ ಅವರಿಂದ ಅರ್ಜುನ್ ಹಾಲಪ್ಪ, ಎಸ್.ವಿ. ಸುನಿಲ್ ತನಕ ಇಲ್ಲಿಂದ ಭಾರತ ತಂಡಕ್ಕೆ ಹೋದವರೇ. ಮುಂದಿನವನು ತನ್ನ ಮಗನೇ ಆಗಬೇಕು ಅಂತ ಪ್ರತಿಯೊಬ್ಬ ಅಪ್ಪನಿಗೂ ಆಸೆ. ಆಸೆ ತಪ್ಪಲ್ಲ. ಆದರೆ ಸಂಜೆ ಮನೆಯಲ್ಲಿ "ಗೋಲ್ ಹಾಕಿದ್ಯಾ?" ಅಂತ ಕೇಳುವವರೇ ಜಾಸ್ತಿ. ಹೇಗೆ ಹಾಕಿದೆ ಅಂತ ಯಾರೂ ಕೇಳುವುದಿಲ್ಲ.

ಹದಿನಾಲ್ಕರ ಒಳಗಿನವರ ಯಾವ ಪಂದ್ಯ ಬೇಕಾದರೂ ನೋಡಿ. ಚೆಂಡು ಹುಡುಗನ ಕಾಲಿಗೆ ತಾಗುತ್ತದೆ. ಅವನು ಮೊದಲು ಚೆಂಡು ನೋಡುವುದಿಲ್ಲ, ಅಂಪೈರ್ ಮುಖ ನೋಡುತ್ತಾನೆ. ಅಂಪೈರ್ ನೋಡಿಲ್ಲ ಅಂತ ಗೊತ್ತಾದ ಕೂಡಲೇ ಓಡುತ್ತಾನೆ. ಇದನ್ನು ಕಲಿಸಿದವರು ನಾವೇ, ಕೋಚ್‌ಗಳು. "ವಿಸಿಲ್ ಬರೋ ತನಕ ಆಡು" ಅಂತ ಎಲ್ಲ ಮೈದಾನದಲ್ಲೂ ಕೂಗುತ್ತೇವೆ. ಅಂಪೈರ್ ಕಣ್ಣಿಗೆ ಬೀಳದ್ದು ನಡೆದೇ ಇಲ್ಲ ಅಂತ ಮಗುವಿಗೆ ಅರ್ಥವಾಗುತ್ತದೆ. ಹತ್ತು ವರ್ಷದ ಮಗುವಿಗೆ ಅದಕ್ಕಿಂತ ಕೆಟ್ಟ ಪಾಠ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ. ಹಾಗಾಗಿ ಅಭ್ಯಾಸ ಪಂದ್ಯದಲ್ಲಿ ವಿಸಿಲ್ಲನ್ನೇ ತೆಗೆದುಬಿಟ್ಟೆ. ಫೂಟ್ ಆದವನು ತಾನೇ ಕೈ ಎತ್ತಬೇಕು, ಚೆಂಡನ್ನು ಅಲ್ಲೇ ಬಿಟ್ಟು ಐದು ಮೀಟರ್ ಹಿಂದೆ ಸರಿಯಬೇಕು. ಸ್ಟಿಕ್ಕಿನ ಉಬ್ಬಿದ ಬದಿಯಿಂದ ಚೆಂಡು ತಾಗಿಸುವ ಬ್ಯಾಕ್ ಸ್ಟಿಕ್‌ಗೂ ಅದೇ. ಎದುರಿನವರು ಸೆಲ್ಫ್ ಪಾಸ್ ತಗೊಂಡು, ಅಂದ್ರೆ ಯಾರಿಗೂ ಕೊಡದೆ ತಾವೇ ಚೆಂಡು ತಳ್ಳಿಕೊಂಡು, ಹೋಗುತ್ತಾರೆ. ನಾನು ಗೆರೆಯ ಹೊರಗೆ, ಬಾಯಿ ಮುಚ್ಚಿಕೊಂಡು.

ಮೊದಲ ವರ್ಷ ಪೂರ್ತಿ ನೆಲ ಕಚ್ಚಿತು. ಒಬ್ಬನೂ ಕೈ ಎತ್ತಲಿಲ್ಲ. ಎದುರಿನವನು "ಫೂಟ್!" ಅಂತ ಕೂಗುವುದು, ಇವನು "ಇಲ್ಲ" ಅನ್ನುವುದು. ಹತ್ತು ನಿಮಿಷದ ಪಂದ್ಯದಲ್ಲಿ ಏಳು ನಿಮಿಷ ಜಗಳ. ಎರಡು ಸ್ಟಿಕ್ ಮುರಿದವು, ಒಬ್ಬನ ಹಲ್ಲಿನಿಂದ ರಕ್ತ ಬಂತು. ಆ ಬೇಸಿಗೆಯಲ್ಲಿ ಹತ್ತು ಹನ್ನೆರಡು ಮಕ್ಕಳು ಬಿಟ್ಟು ಹೋದರು.

ಮುಂದಿನ ವರ್ಷ ಚಾಕೊಲೇಟ್. ತಾನಾಗಿ ಒಪ್ಪಿಕೊಂಡವರಿಗೆ ಒಂದು. ಮೂರನೇ ದಿನಕ್ಕೇ ಚೆಂಡು ಹತ್ತಿರ ಬರದಿದ್ದವರೂ ಕೈ ಎತ್ತತೊಡಗಿದರು! ಒಂದು ಪುಟ್ಟ ಹುಡುಗ ಚೆಂಡು ಆ ಕಡೆಯ ಗೋಲ್ ಹತ್ತಿರ ಇರುವಾಗ ಈ ಕಡೆ ನಿಂತು ಕೈ ಎತ್ತಿದ್ದ. ಚಾಕೊಲೇಟಿಗೆ ಸಾವಿರದೈನೂರು ಹೋಗಿರಬೇಕು. ನಿಲ್ಲಿಸಿದೆ. ಆಮೇಲೆ ದಂಡ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಮೈದಾನ ಒಂದು ಸುತ್ತು. ಅದರಿಂದ ಮುಚ್ಚಿಡುವುದರಲ್ಲಿ ಇನ್ನೂ ಜಾಣರಾದರು, ಅಷ್ಟೇ. ಕಾಲಿಗೆ ತಾಗಿದ ಚೆಂಡನ್ನು ಸ್ಟಿಕ್ಕಿನಿಂದ ಬಂದ ಹಾಗೆ ತೋರಿಸುವುದು ಒಂದು ಕಲೆಯೇ ಆಯಿತು.

ಊರಿನ ಹಿರಿಯರೊಬ್ಬರು "ಇಗ್ಗುತ್ತಪ್ಪನ ಆಣೆ ಹಾಕಿಸಪ್ಪ, ಆಗ ನೋಡು" ಅಂದರು. ಅದು ಮಾತ್ರ ಆಗಲ್ಲ ಅಂತ ಕೈ ಮುಗಿದೆ. ಒಂದು ಫೂಟಿಗೆ ದೇವರನ್ನು ಎಳೆದು ತರುವುದು ಸರಿಯಲ್ಲ. ಮೇಲಾಗಿ ಹೆದರಿ ಹೇಳುವ ನಿಜ ನನಗೆ ಬೇಕಿರಲಿಲ್ಲ.

ಮಳೆ ಬಂದ ಬೆಳಿಗ್ಗೆಗಳಲ್ಲಿ ಶಾಲೆಯ ಜಗಲಿಯಲ್ಲಿ ಕೂರಿಸಿ ಕಥೆ ಹೇಳಿದೆ. ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರದ್ದು. 1980, ಮುಂಬೈನ ವಾಂಖೆಡೆಯಲ್ಲಿ ಸುವರ್ಣ ಮಹೋತ್ಸವದ ಟೆಸ್ಟ್, ವಿಶ್ವನಾಥ್ ಕ್ಯಾಪ್ಟನ್. ಇಂಗ್ಲೆಂಡಿನ 5 ವಿಕೆಟ್ 58ಕ್ಕೇ ಬಿದ್ದಿತ್ತು. ಆಮೇಲೆ ಬಂದ ಬಾಬ್ ಟೇಲರ್‌ಗೂ ಅಂಪೈರ್ ಔಟ್ ಕೊಟ್ಟರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ವಿಶ್ವನಾಥ್‌ಗೆ ಅನ್ನಿಸಿತು, ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಬೋಥಂ ಸೇರಿ 171 ರನ್ ಸೇರಿಸಿದರು. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. ಮಕ್ಕಳು ಕಣ್ಣು ಬಿಟ್ಟು ಕೇಳಿದರು. ಒಬ್ಬ "ಹಾಗಾದ್ರೆ ಸೋತ್ರಲ್ಲ ಸರ್?" ಅಂದ. ಸೋತರು, ಆ ಸೋಲನ್ನೇ ಇವತ್ತಿಗೂ ಹೇಳುತ್ತಿದ್ದೇವೆ ಅಲ್ವಾ ಅಂದೆ. ಎಲ್ಲರೂ ತಲೆಯಾಡಿಸಿದರು. ಮರುದಿನ ಮೈದಾನದಲ್ಲಿ ಮತ್ತೆ ಅದೇ ಮುಚ್ಚಿಡುವ ಆಟ. ಕಿವಿಗೆ ಹೋದದ್ದು ಕಾಲಿಗೆ ಇಳಿಯಲು ಬೇರೆ ದಾರಿ ಬೇಕಿತ್ತು.

ಆ ದಾರಿ ಸಿಕ್ಕಿದ್ದು ಬಿಬ್‌ನಲ್ಲಿ. ಬಿಬ್ ಅಂದ್ರೆ ತಂಡ ಗುರುತಿಸಲು ಅಂಗಿ ಮೇಲೆ ಹಾಕುವ ಬನಿಯನ್. ಕೆಂಪು, ಹಳದಿ, ಎರಡು ಬಣ್ಣದ ಬಿಬ್ ಎಲ್ಲರ ಹತ್ತಿರವೂ ಇರುತ್ತದೆ. ನಾನು ಮಾಡಿದ್ದು ಇಷ್ಟು. ಪಂದ್ಯದ ನಡುವೆ ಎರಡೂ ಕಡೆಯಿಂದ ಅರ್ಧ ಜನರ ಬಿಬ್ ಬದಲಾಯಿಸಿದೆ. ಸ್ಕೋರ್ ಬಣ್ಣಕ್ಕೆ, ಆಡುವವರಿಗಲ್ಲ. ಈಗ ಕೆಂಪಿಗೆ ಮೋಸದಿಂದ ಗೋಲ್ ಹಾಕಿದವನು ಇನ್ನು ಐದು ನಿಮಿಷದಲ್ಲಿ ಹಳದಿ ಹಾಕಿಕೊಂಡು ಆ ಗೋಲನ್ನೇ ತೀರಿಸಬೇಕಾಗಬಹುದು. ಯಾರ ಬಿಬ್ ಯಾವಾಗ ಬದಲಾಗುತ್ತೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಒಂದು ವಾರ ಗೊಂದಲ, ಸ್ವಲ್ಪ ಅಳು. ಎರಡನೇ ವಾರ ಜಗಳ ಅರ್ಧಕ್ಕಿಳಿಯಿತು. ಮೂರನೇ ವಾರ ಮೊದಲ ಕೈ ಮೇಲೆ ಹೋಯಿತು. ಯಾರೂ ಕೇಳಿರಲಿಲ್ಲ, ಚಾಕೊಲೇಟೂ ಇರಲಿಲ್ಲ. ಚೆಂಡು ಬಿಟ್ಟು ಹಿಂದೆ ಸರಿದ, ಆಟ ಮುಂದುವರಿಯಿತು, ಅಷ್ಟೇ. ಆ ದಿನ ನನಗಾದ ಸಂತೋಷ ಯಾವ ಕಪ್ ಬಂದಾಗಲೂ ಆಗಿಲ್ಲ.

ಬಿಬ್ ಬದಲಿಸುವ ಹೊತ್ತನ್ನು ಹೇಗೆ ಆರಿಸಬೇಕು, ಯಾವ ಹುಡುಗನನ್ನು ಯಾವ ಹುಡುಗನ ಜೊತೆ ಅದಲು ಬದಲು ಮಾಡಬೇಕು ಅನ್ನುವುದರಲ್ಲಿ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಮೈದಾನಕ್ಕೆ ಬಂದರೆ ತೋರಿಸುತ್ತೇನೆ. ಒಂದು ಮಾತ್ರ ಹೇಳಬಲ್ಲೆ, ಜೋರಿನ ಹುಡುಗರನ್ನು ಮೊದಲು ಬದಲಾಯಿಸಬೇಡಿ.

ಫೂಟ್ ಆದರೂ ಲಾಭ ಆಗದಿದ್ದರೆ ಫೌಲ್ ಅಲ್ಲ ಅಂತ ರೂಲ್ ಇದೆ ಅಲ್ವಾ ಅಂತ ಕೆಲವರು ಕೇಳುತ್ತಾರೆ. ಇದೆ. ಟೂರ್ನಮೆಂಟಿನಲ್ಲಿ ಅದನ್ನು ಅಂಪೈರ್ ನೋಡಿಕೊಳ್ಳಲಿ. ಲಾಭ ಆಯ್ತೋ ಇಲ್ವೋ ಅನ್ನುವ ತೀರ್ಮಾನವನ್ನು ಹನ್ನೊಂದು ವರ್ಷದವನ ಕೈಗೆ ಕೊಟ್ಟರೆ ಲಾಭ ಆಯ್ತು ಅಂತ ಅವನು ಯಾವತ್ತೂ ಹೇಳಲಾರ. ನಮ್ಮಲ್ಲಿ ತಾಗಿದರೆ ತಾಗಿತು.

ಈಗ ದುಡ್ಡಿನ ವಿಷಯ. ಮಕ್ಕಳ ಸ್ಟಿಕ್ ಒಂದಕ್ಕೆ ಏಳೆಂಟು ನೂರು, ಗೋಲಿ, ಅಂದ್ರೆ ಗೋಲ್ ಕೀಪರ್, ಕಿಟ್ ಸಾಧಾರಣದ್ದೇ ಇಪ್ಪತ್ತು ಸಾವಿರದ ಹತ್ತಿರ. ಮೊಟ್ಟೆ, ಬಾಳೆಹಣ್ಣು ಸೇರಿಸಿದರೆ ಒಂದು ಬೇಸಿಗೆಗೆ ಒಂದು ಲಕ್ಷದ ಆಸುಪಾಸು ಬೇಕು. ಮುಕ್ಕಾಲು ಪಾಲು ಸ್ಪಾನ್ಸರ್ ದುಡ್ಡು. ಒಬ್ಬರು ವರ್ಷಕ್ಕೆ ಮೂವತ್ತು ಸಾವಿರ ಕೊಡುತ್ತಿದ್ದರು. ನಾವು ಒಂದು ಸೆಮಿಫೈನಲ್ ಸೋತ ರೀತಿ ಅವರಿಗೆ ಹಿಡಿಸಲಿಲ್ಲ.

ಆ ಸೆಮಿಫೈನಲ್ ಬಗ್ಗೆ ಹೇಳಲೇಬೇಕು. ಒಂದೊಂದು ಗೋಲ್ ಸಮ, ಕೊನೆಯ ಎರಡು ಮೂರು ನಿಮಿಷ. ನಮ್ಮ ಡಿ ಒಳಗೆ, ಅಂದ್ರೆ ಗೋಲ್ ಎದುರಿನ ಅರ್ಧವೃತ್ತದಲ್ಲಿ, ಗುಂಪು. ನಮ್ಮ ಡಿಫೆಂಡರ್ ಹುಡುಗಿಗೆ ಹನ್ನೆರಡು ವರ್ಷ, ತಾಯಿ ಲೈನ್ ಮನೆಯಿಂದ ಕಾಫಿ ಕೊಯ್ಲಿಗೆ ಹೋಗುವವರು. ಚೆಂಡು ಅವಳ ಬಲಗಾಲಿನ ಶೂ ತುದಿಗೆ ಸವರಿ ಹೊರಗೆ ಹೋಯಿತು. ಅಂಪೈರ್ ಎದುರು ಮೂರು ಜನ ಅಡ್ಡ ಇದ್ದರು, ಅವರಿಗೆ ಕಾಣಿಸುವ ಹಾಗೇ ಇರಲಿಲ್ಲ. ಎದುರಿನ ಟೀಮೂ ಕೇಳಲಿಲ್ಲ. ಅವಳು ಸ್ಟಿಕ್ಕನ್ನು ಎಡಗೈಗೆ ತಗೊಂಡಳು, ಬಲಗೈ ಎತ್ತಿದಳು, ಆಮೇಲೆ ಶೂ ಕಡೆ ಬೆರಳು ತೋರಿಸಿದಳು. ಅಂಪೈರ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಎದುರಿನವರಿಗೆ ಪೆನಾಲ್ಟಿ ಕಾರ್ನರ್, ಅಂದ್ರೆ ಗೋಲ್ ಹೊಡೆಯುವ ದೊಡ್ಡ ಅವಕಾಶ, ಕೊಟ್ಟರು. ಚೆಂಡು ನಮ್ಮ ಗೋಲಿನ ಒಳಗಿನ ಹಲಗೆಗೆ ಬಡಿಯಿತು. ಸೋತೆವು.

ನಮ್ಮ ಕಡೆಯ ಪೋಷಕರು ಕೂಗಾಡಿದ್ದು ಬರೆಯುವ ಹಾಗಿಲ್ಲ. ಅವಳ ತಂಡದವರು ಮಾತ್ರ ಒಬ್ಬರೂ ಅವಳ ಮೇಲೆ ಸಿಟ್ಟು ಮಾಡಲಿಲ್ಲ. ಗೋಲಿ ಹುಡುಗ ಹೋಗಿ ಅವಳ ಬಾಟಲಿಗೆ ನೀರು ತುಂಬಿಸಿ ತಂದುಕೊಟ್ಟ. ಫೈನಲ್ ಸೇರಿದ್ದರೆ ಹತ್ತು ಸಾವಿರವಾದರೂ ಬರುತ್ತಿತ್ತು. ಅದೂ ಹೋಯಿತು, ಆ ಸ್ಪಾನ್ಸರೂ ಹೋದರು. ಆ ವರ್ಷ ಕಾಫಿ ಮಾರಿದ ನನ್ನ ದುಡ್ಡಿನಲ್ಲೇ ಕ್ಯಾಂಪ್ ನಡೆಸಿದೆ. ಮನೆಯಲ್ಲಿ ಮಾತು ಕೇಳಬೇಕಾಯಿತು. ಆದರೂ ಆ ಮಗು ಎತ್ತಿದ ಕೈಯನ್ನು ಇಳಿಸು ಅಂತ ನಾನು ಹೇಳುತ್ತಿರಲಿಲ್ಲ, ಎಷ್ಟೇ ದುಡ್ಡು ಕೊಟ್ಟರೂ.

ಆ ಹೊತ್ತಿಗೆ ನನಗೆ ಬೆನ್ನು ತಟ್ಟಿದವರು ಆಣೆ ಹಾಕಿಸು ಅಂದ ಅದೇ ಅಜ್ಜ. "ಪುತ್ತರಿ ಹಬ್ಬದ ಬೆತ್ತದ ಆಟ ಪರೆಯಕಳಿಯಲ್ಲಿ ಮೊಣಕಾಲಿನ ಕೆಳಗೆ ಮಾತ್ರ ಹೊಡೀಬೇಕು. ಮೇಲೆ ಹೊಡೆದವನನ್ನ ಊರಿನ ಆಟದ ಬಯಲಾದ ಮಂದ್‌ನಲ್ಲಿ ಯಾರೂ ಗೆದ್ದವನು ಅನ್ನಲ್ಲ. ನೀನು ಹೊಸದೇನೂ ಮಾಡ್ತಿಲ್ಲ, ಮಾಡು" ಅಂದರು.

ಇನ್ನು ಯಾರೂ ನಿರೀಕ್ಷಿಸದ ಲಾಭ. ಬಿಬ್ ಬದಲಿಸಲು ಶುರು ಮಾಡಿದ ಎರಡನೇ ವರ್ಷದ ಹೊತ್ತಿಗೆ ನಮ್ಮ ಮಕ್ಕಳ ಸ್ಟಾಪಿಂಗ್, ಅಂದ್ರೆ ಸ್ಟಿಕ್ಕಿನಲ್ಲಿ ಚೆಂಡು ತಡೆಯುವುದು, ಬೇರೆಯವರಿಗಿಂತ ಚೆನ್ನಾಗಿತ್ತು. ಕಾರಣ ಸುಲಭ. ಫೂಟ್ ಮುಚ್ಚಿಡಬಹುದು ಅಂತ ಗೊತ್ತಿರುವ ಹುಡುಗ ಕಾಲನ್ನು ಎರಡನೇ ಸ್ಟಿಕ್ ಮಾಡಿಕೊಳ್ಳುತ್ತಾನೆ. ಮುಚ್ಚಿಡದವನು ಕಾಲನ್ನು ಪಕ್ಕಕ್ಕೆ ತೆಗೆಯಲೇಬೇಕು, ಸ್ಟಿಕ್ ನೆಲಕ್ಕೆ ಒರಗಿಸಲೇಬೇಕು. ಅಭ್ಯಾಸದಲ್ಲಿ ಮೊದಲೆಲ್ಲ ಒಂದು ಪಂದ್ಯಕ್ಕೆ ಇಪ್ಪತ್ತಕ್ಕೂ ಜಾಸ್ತಿ ಫೂಟ್ ಆಗುತ್ತಿತ್ತು. ಈಗ ನಾಲ್ಕೈದು. ಮಣ್ಣಿನ ಮೈದಾನದಲ್ಲಿ, ಚೆಂಡು ಕಲ್ಲಿಗೆ ಬಡಿದು ಹಾರುವಲ್ಲಿ! ಟರ್ಫ್‌ನಲ್ಲಿ ಆಡುವ ದೊಡ್ಡ ಕ್ಯಾಂಪಿನ ಮಕ್ಕಳಿಗಿಂತ ನಮ್ಮವರ ಸ್ಟಾಪಿಂಗ್ ಚೆಂದ ಅಂತ ನಾನು ಧೈರ್ಯವಾಗಿ ಹೇಳುತ್ತೇನೆ. ಕಳೆದ ಬೇಸಿಗೆಯ ಟೂರ್ನಮೆಂಟಿನಲ್ಲಿ ನಮ್ಮ ಟೀಮಿಗೆ ಅಂಪೈರ್ ಎಚ್ಚರಿಕೆಗೆ ತೋರಿಸುವ ಒಂದು ಗ್ರೀನ್ ಕಾರ್ಡ್ ಕೂಡ ಬರಲಿಲ್ಲ. ಎರಡನೇ ಸ್ಥಾನ. ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದ ಟೀಮಿನ ಹುಡುಗನೊಬ್ಬ ಎರಡನೇ ಅರ್ಧದಲ್ಲಿ ತಾನಾಗಿ ಕೈ ಎತ್ತಿದ. ಅವರ ಕೋಚ್ ನನ್ನ ಕಡೆ ನೋಡಿದರು. ಅವತ್ತಿನಿಂದಲೇ ಫೋನ್ ಶುರುವಾದದ್ದು.

ಬೇರೆ ಕಡೆಯೂ ಒಂದೆರಡು ಪ್ರಯೋಗ ಮಾಡಿದೆ. ಮಳೆಗಾಲದ ಕೆಸರುಗದ್ದೆ ವಾಲಿಬಾಲ್‌ನಲ್ಲಿ ನೆಟ್ ತಾಗಿದವರು ತಾವೇ ಹೇಳಬೇಕು ಅಂತ ಮಾಡಿದೆವು. ಆಗಲಿಲ್ಲ. ಮೈಯೆಲ್ಲ ಕೆಸರು, ಯಾರಿಗೆ ಏನು ತಾಗಿತು ಅಂತ ಆಡುವವರಿಗೇ ಗೊತ್ತಾಗುವುದಿಲ್ಲ. ಕೈಲ್‌ಪೊಳ್ದ್, ಅಂದ್ರೆ ಕೊಡಗಿನ ಆಯುಧ ಪೂಜೆಯ ಹಬ್ಬದ ಸಮಯದಲ್ಲಿ ಏರ್‌ಗನ್ ಸ್ಪರ್ಧೆಗೆ ಮಕ್ಕಳೇ ತಮ್ಮ ತಮ್ಮ ಕಾಗದದ ಗುರಿಗೆ ಅಂಕ ಹಾಕಿಕೊಳ್ಳಲಿ ಅಂದೆ. ಅದು ಒಂದೇ ಸಲಕ್ಕೆ ಸರಿಹೋಯಿತು. ಕಾಗದದಲ್ಲಿ ತೂತು ಎಲ್ಲರಿಗೂ ಕಾಣುತ್ತದೆ. ಗೆರೆಯ ಮೇಲಿದ್ದ ತೂತಿಗೆ ಕಡಿಮೆ ಅಂಕ ಹಾಕಿಕೊಂಡವರೇ ಜಾಸ್ತಿ.

ವಯಸ್ಸು ಕಡಿಮೆ ತೋರಿಸುವ ಸುಳ್ಳು ಸರ್ಟಿಫಿಕೇಟ್ ವಿಷಯ ನಿಮಗೆಲ್ಲ ಗೊತ್ತು. ನಮ್ಮಲ್ಲಿ ಹದಿನೈದು ದಾಟಿದವನು ಹದಿನಾಲ್ಕರ ಟೀಮಿನಲ್ಲಿ ಆಡುವುದಿಲ್ಲ. ಇಬ್ಬರು ಒಳ್ಳೆಯ ಹುಡುಗರನ್ನು ಬೇರೆ ಕ್ಯಾಂಪಿನವರು ಅದೇ ಕಾರಣಕ್ಕೆ ಕರೆದುಕೊಂಡು ಹೋದರು. ಹೋಗಲಿ. ಬೆಳಿಗ್ಗೆ ಫೂಟಿಗೆ ಕೈ ಎತ್ತಿಸಿ ಸಂಜೆ ಹುಟ್ಟಿದ ದಿನ ತಿದ್ದಿಸಿದರೆ ಮಕ್ಕಳಿಗೆ ಅದು ಒಂದೇ ದಿನದಲ್ಲಿ ಗೊತ್ತಾಗುತ್ತದೆ.

ಕೊಡವ ಕುಟುಂಬಗಳೇ ಟೀಮ್ ಕಟ್ಟಿ ಆಡುವ ಕೌಟುಂಬಿಕ ಹಾಕಿ ಹಬ್ಬ ನೋಡಿದವರಿಗೆ ನನ್ನ ಮಾತು ಬೇಗ ಅರ್ಥವಾಗುತ್ತದೆ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪ ಅವರು ಶುರು ಮಾಡಿದಾಗ 60 ಕುಟುಂಬ, 2024ರಲ್ಲಿ ನಾಪೋಕ್ಲುವಿನಲ್ಲಿ 360. ಎದುರು ಟೀಮಿನಲ್ಲಿ ಒಬ್ಬ ಭಾವನೋ ಸೋದರಮಾವನೋ ಇದ್ದೇ ಇರುತ್ತಾನೆ. ಇವತ್ತು ಮೋಸ ಮಾಡಿದರೆ ನಾಳೆ ಮದುವೆ ಮನೆಯಲ್ಲಿ ಪಕ್ಕ ಕೂತು ಊಟ ಮಾಡಬೇಕು. ಬಿಬ್ ಬದಲಿಸುವ ಯೋಚನೆ ಬಂದದ್ದೂ ಆ ಮೈದಾನದಲ್ಲಿ ಕೂತಾಗಲೇ.

ಇನ್ನೂ ಸರಿಹೋಗದಿರುವುದು ಗೋಲಿಗಳು. ಚೆಂಡು ಗೆರೆ ಪೂರ್ತಿ ದಾಟಿತೋ ಇಲ್ಲವೋ ಅಂತ ಗೋಲಿಯೇ ಹೇಳಬೇಕು ಅಂತ ಎರಡು ಬೇಸಿಗೆಯಿಂದ ನೋಡುತ್ತಿದ್ದೇನೆ. ನಮ್ಮ ಮೈದಾನದಲ್ಲಿ ಸುಣ್ಣದ ಗೆರೆ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ. ಪ್ಯಾಡ್ ಅಡಿಯಲ್ಲಿ ಚೆಂಡು ಇದ್ದಾಗ ಅವರಿಗೇ ಕಾಣುವುದಿಲ್ಲ. ಬರುವ ಏಪ್ರಿಲ್‌ನಲ್ಲಿ ಗೆರೆಯ ಜಾಗದಲ್ಲಿ ಒಂದು ಹಳೆಯ ಕ್ಯಾನ್ವಾಸ್ ಬೆಲ್ಟ್ ನೆಲದ ಮಟ್ಟಕ್ಕೆ ಹೂತು ನೋಡುವ ಯೋಚನೆ ಇದೆ. ಯಾರಾದರೂ ಇದನ್ನು ಮಾಡಿ ನೋಡಿದ್ದರೆ ಮಳೆಗಾಲಕ್ಕೆ ಮುಂಚೆ ತಿಳಿಸಿ. ಟೀಮ್ ಕರೆದುಕೊಂಡು ಬರುವವರು ಒಂದು ದಿನ ಮೊದಲು ಹೇಳಿದರೆ ಸಾಕು, ಮಕ್ಕಳಿಗೆ ತಿಂಡಿ ನಮ್ಮದು. ಬಿಬ್ ಎರಡೂ ಬಣ್ಣದ್ದು ತನ್ನಿ.