ಶೆಲ್ಲಿ ಬೀಚ್‌ನ ಬಂಡೆಗಳ ನಡುವೆ: ದೋಣಿ ಬೇಡದ ಡೈವಿಂಗ್

ನಾನು ಡೈವಿಂಗ್ ಶುರು ಮಾಡಿದ್ದು ನೇತ್ರಾಣಿಯಲ್ಲಿ. ಅಲ್ಲಿ ಮುರುಡೇಶ್ವರದಿಂದ ಗಂಟೆಗೂ ಹೆಚ್ಚು ದೋಣಿಯಲ್ಲಿ ಕುಲುಕಾಡಿಕೊಂಡು ಹೋಗಬೇಕು. ಸಿಡ್ನಿಗೆ ಬಂದ ಮೇಲೆ ಅಭ್ಯಾಸವಾದದ್ದು ಮ್ಯಾನ್ಲಿ ಪಕ್ಕದ ಶೆಲ್ಲಿ ಬೀಚ್. ಪಾರ್ಕಿಂಗ್‌ನಲ್ಲೇ ಸೂಟ್ ಹಾಕಿಕೊಂಡು, ಸಿಲಿಂಡರ್ ಹೊತ್ತು ಕೆಳಗಿಳಿದರೆ ನೀರು. ಆಳ ಹೆಚ್ಚೆಂದರೆ ಹತ್ತು–ಹನ್ನೆರಡು ಮೀಟರ್. 2002ರಿಂದ ಈ ಕೊಲ್ಲಿ ‘ಕ್ಯಾಬೇಜ್ ಟ್ರೀ ಬೇ’ ಹೆಸರಿನ ಸಂರಕ್ಷಿತ ಪ್ರದೇಶ. ಇಲ್ಲಿ ಗಾಳ ಹಾಕುವಂತಿಲ್ಲ. ಮೀನುಗಳು ನಮ್ಮನ್ನು ಕಂಡು ಓಡದಿರುವುದಕ್ಕೆ ಅದೇ ಕಾರಣ ಅಂತ ನನ್ನ ಅಂದಾಜು.

ಹಿಂದಿನ ರಾತ್ರಿಯೇ ಅಲೆ ಯಾವ ಕಡೆಯಿಂದ ಬರುತ್ತಿದೆ ಅಂತ ನೋಡಿಕೊಳ್ಳುತ್ತೇನೆ. ಬೀಚ್ ಪಶ್ಚಿಮಕ್ಕೆ ಮುಖ ಮಾಡಿದೆ, ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಇದು ಅಪರೂಪ. ದಕ್ಷಿಣದ ಅಲೆ ಇಲ್ಲಿಗೆ ಅಷ್ಟಾಗಿ ತಟ್ಟುವುದಿಲ್ಲ. ಈಶಾನ್ಯದಿಂದ ಬಂತೋ, ಮರಳೆಲ್ಲ ಎದ್ದು ನೀರು ಕದಡಿಹೋಗುತ್ತದೆ. ಅಂಥ ದಿನ ನಾನು ಇಳಿಯುವುದಿಲ್ಲ.

ಆಳ ಕಡಿಮೆ, ಹಾಗಾಗಿ ಸುಲಭ ಅಂತ ಬರುವವರೇ ಜಾಸ್ತಿ. ನನ್ನ ಪ್ರಕಾರ ನಾಲ್ಕು ಮೀಟರ್‌ನಲ್ಲಿ ಸ್ಥಿರವಾಗಿ ನಿಲ್ಲುವುದು ಇಪ್ಪತ್ತು ಮೀಟರ್‌ಗಿಂತ ಕಷ್ಟ. ಮೇಲಿನಿಂದ 10 ಮೀಟರ್ ಇಳಿಯುವಷ್ಟರಲ್ಲಿ ಒತ್ತಡ ಎರಡು ಪಟ್ಟಾಗುತ್ತದೆ. ಅದೇ 20ರಿಂದ 30ಕ್ಕೆ ಇಳಿದರೆ ಏರುವುದು ಮೂರನೇ ಒಂದು ಭಾಗ ಮಾತ್ರ. ಅಂದರೆ ಮೇಲಿನ ನೀರಿನಲ್ಲಿ ಒಂದಿಷ್ಟು ಏರಿದರೂ ತೇಲುವುದಕ್ಕೆಂದು ಜಾಕೆಟ್‌ಗೆ ತುಂಬಿದ ಗಾಳಿ, ವೆಟ್‌ಸೂಟ್ ರಬ್ಬರ್‌ನೊಳಗಿನ ಗುಳ್ಳೆ ಎಲ್ಲ ಹಿಗ್ಗಿ ಇನ್ನೂ ಮೇಲಕ್ಕೆ ಎಳೆಯುತ್ತವೆ. ಚಳಿಗಾಲದಲ್ಲಿ ನೀರು 16 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ, 7 ಮಿಲಿಮೀಟರ್ ಸೂಟ್ ಬೇಕೇ ಬೇಕು, ದಪ್ಪ ಸೂಟ್ ತೇಲಿಸುತ್ತದೆ, ಹಾಗಾಗಿ ಮುಳುಗಲು ಸೊಂಟಕ್ಕೆ ಹೆಚ್ಚು ಸೀಸದ ತೂಕ. ಸೀಸ ಸರಿಯಿದೆಯೋ ಇಲ್ಲವೋ ಅಂತ ಡೈವ್‌ನ ಕೊನೆಯಲ್ಲಿ ನೋಡಬೇಕು. ಸಿಲಿಂಡರ್‌ನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ) ಉಳಿದಾಗ, ಜಾಕೆಟ್ ಖಾಲಿ ಮಾಡಿ, ಕಾಲು ಆಡಿಸದೆ ಮೂರು ಮೀಟರ್‌ನಲ್ಲಿ ನಿಲ್ಲಲು ಆದರೆ ಲೆಕ್ಕ ಸರಿ.

ಬಂಡೆಸಾಲನ್ನು ಬಲಕ್ಕಿಟ್ಟುಕೊಂಡು ಹೋಗುತ್ತೇನೆ, ಬರುವಾಗ ಅದು ಎಡಕ್ಕೆ. ಕಂಪಾಸ್ ಇರುತ್ತದೆ, ಬಳಸುವುದು ಕಡಿಮೆ. ಅಲೆಯ ತುಯ್ತ ಜೋರಿದ್ದರೆ ಅದರ ಜೊತೆ ಗುದ್ದಾಡುವುದಿಲ್ಲ. ಅದು ಹಿಂದಕ್ಕೆಳೆದಾಗ ಸುಮ್ಮನಿದ್ದು, ಮುಂದಕ್ಕೆ ತಳ್ಳಿದಾಗ ಕಾಲು ಬೀಸಿದರೆ ಗಾಳಿ ಉಳಿಯುತ್ತದೆ.

ನಾನು ಹೆಚ್ಚು ಹೊತ್ತು ಕಳೆಯುವುದು ಬಂಡೆ ಮುಗಿದು ಮರಳು ಶುರುವಾಗುವ ಅಂಚಿನಲ್ಲಿ. ಅಲ್ಲೇ ವೊಬೆಗಾಂಗ್ ಶಾರ್ಕ್ ಬಿದ್ದುಕೊಂಡಿರುತ್ತದೆ, ಮೈತುಂಬ ಮಚ್ಚೆ, ಬಾಯಿ ಸುತ್ತ ಕುಚ್ಚು, ನೋಡಿದರೆ ಥೇಟ್ ಹಳೇ ಜಮಖಾನೆ. ತಾನಾಗಿ ಮೇಲೆ ಬೀಳುವುದಿಲ್ಲ, ತುಳಿದರೆ ಮಾತ್ರ ಬಿಡುವುದೂ ಇಲ್ಲ. ಮರಳಿನ ಮೇಲೆ ಕೈಯೂರುವ ಚಟ ಇದ್ದವರು ಅದನ್ನು ದಡದಲ್ಲೇ ಬಿಟ್ಟು ಬರಬೇಕು. ಚಳಿಗಾಲಕ್ಕೆ ಪೋರ್ಟ್ ಜಾಕ್ಸನ್ ಶಾರ್ಕ್‌ಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯ ಕವಚ ಸ್ಕ್ರೂ ಥರ ಸುತ್ತಿಕೊಂಡಿರುತ್ತದೆ, ಸಂದಿಯಲ್ಲಿ ಸಿಕ್ಕಿಕೊಂಡರೆ ಅಲೆ ಎಳೆದರೂ ಸುಲಭಕ್ಕೆ ಬರುವುದಿಲ್ಲ.

ಕೆಲ್ಪ್ ಎಂಬ ದೊಡ್ಡ ಕಡಲಪಾಚಿ ಬೆಳೆದಿರುವ ಕಡೆ ನೀಲಿ ಗ್ರೋಪರ್ ಮೀನು ನಮ್ಮ ಹಿಂದೆಯೇ ಬರುತ್ತದೆ. ಹುಟ್ಟುವಾಗ ಎಲ್ಲವೂ ಹೆಣ್ಣು, ಕಂದು ಬಣ್ಣ. ಆಮೇಲೆ ಕೆಲವು ಗಂಡಾಗಿ ನೀಲಿಗೆ ತಿರುಗುತ್ತವೆ. ಮೈತುಂಬ ಮುಳ್ಳಿರುವ ಚೆಂಡಿನಂಥ ಸೀ ಅರ್ಚಿನ್ ಅಂದರೆ ಅದಕ್ಕೆ ಪ್ರಾಣ, ಯಾರಾದರೂ ಒಡೆದು ಕೊಟ್ಟಾರೆಂಬ ಆಸೆ. ಕೊಡಬೇಡಿ.

ಬಂಡೆಯ ಚಾಚಿನ ಕೆಳಗೆ ಆಕ್ಟೋಪಸ್‌ನ ಸಂಬಂಧಿಯಾದ ದೈತ್ಯ ಕಟಲ್‌ಫಿಶ್ ಇರುತ್ತದೆ, ನಮ್ಮ ಮಂಗಳೂರು ಕಡೆಯ ಕಪ್ಪೆ ಬೊಂಡಾಸಿನ ದೊಡ್ಡ ಬಳಗ. ಹತ್ತಿರ ಹೋಗುವಾಗ ಉಸಿರು ನಿಧಾನವಾಗಿ ಬಿಡುತ್ತೇನೆ, ಗುಳ್ಳೆಯ ಸದ್ದು ಅದಕ್ಕೆ ಹಿಡಿಸುವುದಿಲ್ಲ ಅನ್ನಿಸಿದೆ. ಕಣ್ಣಿನ ಪಾಪೆ ಅಂಕುಡೊಂಕಾಗಿ ಕಾಣುತ್ತದೆ. ಕಂದು ಮೈ ನೋಡನೋಡುತ್ತಲೇ ಬಿಳಿಚಿ, ಅದರ ಮೇಲೆ ಕಪ್ಪು ಪಟ್ಟೆಗಳು ಹರಿದುಹೋಗುತ್ತವೆ. ಎರಡು ತೋಳು ಮೇಲೆತ್ತಿತು ಅಂದರೆ ನಾನು ಹಿಂದೆ ಸರಿಯುತ್ತೇನೆ.

ಸಿಲಿಂಡರ್ ಅರ್ಧಕ್ಕಿಳಿದಾಗ ತಿರುಗುತ್ತೇನೆ. ಗಾಳಿ ಮುಗಿದು ಮೇಲೆ ಈಜಿಕೊಂಡು ಬರುವುದು ದಣಿವಿನ ಕೆಲಸ, ಮೇಲೆ ಪ್ಯಾಡಲ್ ಬೋರ್ಡ್‌ನವರೂ ಇರುತ್ತಾರೆ. ವಾರಾಂತ್ಯಕ್ಕೆ ಹೋಗುವುದಾದರೆ ಬೆಳಗ್ಗೆ ಬೇಗ ಹೊರಡಿ, ತಡವಾದರೆ ಪಾರ್ಕಿಂಗ್ ಸಿಗುವುದಿಲ್ಲ.